ಮುಕ್ಕಳಿಸಿದರೆ ಸಾಲದು, ಹಲ್ಲು ಉಜ್ಜಲೇಬೇಕು

(ಆಸ್ಪತ್ರೆಯ ಸಭಾಂಗಣದಲ್ಲಿ ರೋಗಿಗಳು ಹಾಗೂ ಅವರ ಆರೈಕೆಗೆ ಬಂದ ಬಂಧುಗಳಿಗಾಗಿ ಶುಶ್ರೂಷಾ ಶಿಕ್ಷಕಿಯೊಬ್ಬರು ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)

 

ಇಂದಿನ ವಿಷಯ ಬಹಳ ಸಣ್ಣದೆಂದು ನಿಮಗೆ ಅನ್ನಿಸಬಹುದು. ಹೃದಯದ ಬಗ್ಗೆ ಅಲ್ಲ, ಕಿಡ್ನಿಯ ಬಗ್ಗೆ ಅಲ್ಲ, ಬಾಯಿ ಮುಕ್ಕಳಿಸುವ ಔಷಧದ ಬಗ್ಗೆ. ಆದರೆ ಯಾವ ವಾರ್ಡಿಗೆ ಹೋದರೂ ಹಾಸಿಗೆಯ ಪಕ್ಕದ ಕಪಾಟಿನ ಮೇಲೆ ಗುಲಾಬಿಯೋ ಹಸಿರೋ ನೀಲಿಯೋ ಬಣ್ಣದ ಒಂದು ಬಾಟಲಿ ಕಾಣುತ್ತದೆ. ಕೆಲವನ್ನು ವೈದ್ಯರು ಬರೆದುಕೊಟ್ಟಿರುತ್ತಾರೆ. ಇನ್ನು ಕೆಲವನ್ನು ಟಿ.ವಿ. ಜಾಹೀರಾತು ನೋಡಿ ನೀವೇ ಮೆಡಿಕಲ್ ಅಂಗಡಿಯಿಂದ ತಂದಿರುತ್ತೀರಿ. ಆ ಬಾಟಲಿಯ ಪಕ್ಕದಲ್ಲಿ ಹಲ್ಲುಜ್ಜುವ ಬ್ರಷ್ ಇದೆಯೇ ಎಂದು ನೋಡಿದರೆ ಅನೇಕ ಕಡೆ ಇರುವುದಿಲ್ಲ. ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಔಷಧ ಹಾಕಿ ಮುಕ್ಕಳಸ್ತಾರಲ್ರೀ ಸಿಸ್ಟರ್, ಮತ್ತ ಬ್ರಷ್ ಯಾಕ?"

ಈ ಒಂದು ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಇಂದಿನ ಮಾತಿನ ಉದ್ದೇಶ. ಔಷಧ ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಬ್ರಷ್ಷಿನ ಕೆಲಸವನ್ನು ಅದು ಮಾಡುತ್ತದೆಯೇ? ಮಾಡುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಹೋದರೆ ಹಣ ಖರ್ಚಾಗುತ್ತದೆ, ವಸಡು ಹಾಳಾಗುತ್ತದೆ. ಹಾಸಿಗೆ ಹಿಡಿದ ರೋಗಿಯ ವಿಷಯದಲ್ಲಿ ಪ್ರಾಣಕ್ಕೂ ಅಪಾಯ ಬರಬಹುದು.

ಹಲ್ಲಿನ ಪಾಚಿ ಎಂದರೇನು?

ಬೆಳಿಗ್ಗೆ ಎದ್ದಾಗ ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿ ನೋಡಿರಿ. ಏನೋ ಲೋಳೆಯಂತೆ, ಮೆತ್ತಗೆ ಅಂಟಿದಂತೆ ಆಗುತ್ತದೆ. ಅದನ್ನು ದಂತವೈದ್ಯರು ಪ್ಲಾಕ್ ಎನ್ನುತ್ತಾರೆ. ನಾವು ಹಲ್ಲಿನ ಪಾಚಿ ಎನ್ನೋಣ. ಅದು ಉಳಿದ ಅನ್ನವೋ ರೊಟ್ಟಿಯೋ ಅಲ್ಲ. ಕಣ್ಣಿಗೆ ಕಾಣದ ಕೋಟ್ಯಂತರ ಬ್ಯಾಕ್ಟೀರಿಯಾಗಳು ತಾವೇ ತಯಾರಿಸಿಕೊಂಡ ಅಂಟಿನೊಳಗೆ ಗುಂಪಾಗಿ ಮಾಡಿಕೊಂಡ ವಾಸಸ್ಥಾನ.

ನಮ್ಮ ಬಾಯಿಯಲ್ಲಿ ಸುಮಾರು 700 ಜಾತಿಯ ಬ್ಯಾಕ್ಟೀರಿಯಾಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಎಲ್ಲವೂ ಶತ್ರುಗಳಲ್ಲ. ಆದರೆ ಪಾಚಿ ಒಂದೆರಡು ದಿನ ಹಾಗೆಯೇ ಉಳಿದರೆ ದಪ್ಪವಾಗುತ್ತದೆ, ಅದರಲ್ಲಿ ಕೇಡು ಮಾಡುವ ಜಾತಿಗಳು ಹೆಚ್ಚುತ್ತವೆ. ಕೆಲವು ನಾವು ತಿಂದ ಸಕ್ಕರೆ, ಬೆಲ್ಲವನ್ನು ಹುಳಿಯಾಗಿಸಿ ಹಲ್ಲನ್ನು ಕೊರೆಯುತ್ತವೆ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದು ಇವುಗಳಲ್ಲಿ ಮುಖ್ಯವಾದದ್ದು. ಇನ್ನು ಕೆಲವು ವಸಡಿನ ಅಂಚಿನಲ್ಲಿ ಸೇರಿ ಅಲ್ಲಿ ಊತ, ರಕ್ತ, ದುರ್ವಾಸನೆ ತರುತ್ತವೆ. ತೆಗೆಯದೆ ಬಿಟ್ಟ ಪಾಚಿಗೆ ಉಗುಳಿನಲ್ಲಿರುವ ಸುಣ್ಣದ ಅಂಶ ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದನ್ನು ಬ್ರಷ್ ಕೂಡ ತೆಗೆಯಲಾರದು, ದಂತವೈದ್ಯರೇ ಉಪಕರಣದಿಂದ ತೆಗೆಯಬೇಕು.

ನೀರಿನ ತೊಟ್ಟಿಯ ಒಳಗೋಡೆಗೆ ಹಿಡಿದ ಪಾಚಿಯನ್ನು ನೀವೆಲ್ಲ ನೋಡಿದ್ದೀರಿ. ತೊಟ್ಟಿಯ ನೀರು ಚೆಲ್ಲಿ ಹೊಸ ನೀರು ತುಂಬಿದರೆ ಪಾಚಿ ಹೋಗುತ್ತದೆಯೇ? ಬ್ಲೀಚಿಂಗ್ ಪುಡಿ ಹಾಕಿದರೂ ನೀರಿನಲ್ಲಿ ತೇಲುವ ಕ್ರಿಮಿ ಸಾಯುತ್ತದೆಯೇ ಹೊರತು ಗೋಡೆಯ ಜಾರಿಕೆ ಹಾಗೆಯೇ ಇರುತ್ತದೆ. ತೆಂಗಿನ ನಾರು ಹಿಡಿದು ತಿಕ್ಕಿದಾಗ ಮಾತ್ರ ಗೋಡೆ ಸ್ವಚ್ಛವಾಗುತ್ತದೆ. ಬಾಯಿಯ ಕಥೆಯೂ ಇದೇ.

1683ರಲ್ಲಿ ನಡೆದ ಒಂದು ಪರೀಕ್ಷೆ

ಈ ಮಾತು ಹೊಸದಲ್ಲ. ಹಾಲೆಂಡ್ ದೇಶದ ಡೆಲ್ಫ್ಟ್ ಎಂಬ ಊರಿನಲ್ಲಿ ಲೇವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಇದ್ದರು. ವೈದ್ಯರಲ್ಲ, ಕಾಲೇಜಿನಲ್ಲಿ ಓದಿದವರೂ ಅಲ್ಲ. ತಾವೇ ಉಜ್ಜಿ ತಯಾರಿಸಿದ ಪುಟ್ಟ ಮಸೂರದಿಂದ ಕಂಡಕಂಡದ್ದನ್ನೆಲ್ಲ ನೋಡುವ ಹವ್ಯಾಸ ಅವರಿಗಿತ್ತು. ದಿನವೂ ಉಪ್ಪಿನಿಂದ ಹಲ್ಲು ತಿಕ್ಕುತ್ತಿದ್ದ ಅವರು, ಆದರೂ ಹಲ್ಲುಗಳ ಸಂದಿಯಲ್ಲಿ ಉಳಿದಿದ್ದ ಬಿಳಿಯ ಲೋಳೆಯನ್ನು ತೆಗೆದು ಮಸೂರದ ಕೆಳಗಿಟ್ಟರು. ಅದರಲ್ಲಿ ಲೆಕ್ಕವಿಲ್ಲದಷ್ಟು ಜೀವಿಗಳು ಓಡಾಡುತ್ತಿದ್ದವು. ಇದನ್ನು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದರು.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಖಾರವಾದ ವಿನಿಗರ್, ಅಂದರೆ ಹುಳಿರಸವನ್ನು ಬಾಯಿಗೆ ಹಾಕಿಕೊಂಡು ಚೆನ್ನಾಗಿ ಮುಕ್ಕಳಿಸಿದರು. ಮತ್ತೆ ಹಲ್ಲಿನ ಲೋಳೆ ತೆಗೆದು ನೋಡಿದರೆ ಜೀವಿಗಳು ಇನ್ನೂ ಲೆಕ್ಕವಿಲ್ಲದಷ್ಟು ಇದ್ದವು. ಅದೇ ವಿನಿಗರ್ ಸ್ವಲ್ಪವನ್ನು ಆ ಜೀವಿಗಳಿದ್ದ ನೀರಿಗೆ ಬೆರೆಸಿದಾಗ ಅವು ಕೂಡಲೇ ಸತ್ತವು. ಇದರಿಂದ ಅವರು ಒಂದು ತೀರ್ಮಾನಕ್ಕೆ ಬಂದರು: ಮುಕ್ಕಳಿಸಿದ ವಿನಿಗರ್ ಪಾಚಿಯ ಹೊರಮೈಯಲ್ಲಿದ್ದ ಜೀವಿಗಳನ್ನಷ್ಟೇ ಕೊಂದಿದೆ, ಒಳಗೆ ಇಳಿದಿಲ್ಲ.

340 ವರ್ಷಗಳ ಹಿಂದೆ ಆ ವ್ಯಾಪಾರಿ ಕಂಡದ್ದನ್ನೇ ಇಂದಿನ ದೊಡ್ಡ ಪ್ರಯೋಗಾಲಯಗಳೂ ಹೇಳುತ್ತಿವೆ. ಗಾಜಿನ ನಳಿಗೆಯಲ್ಲಿ ತೇಲುವ ಬ್ಯಾಕ್ಟೀರಿಯಾ ಕೊಲ್ಲಲು ಸಾಕಾಗುವ ಔಷಧ, ಅಂಟಿನೊಳಗೆ ಕುಳಿತ ಅದೇ ಬ್ಯಾಕ್ಟೀರಿಯಾಕ್ಕೆ ಸಾಕಾಗುವುದಿಲ್ಲ. ಹಲವು ಪಟ್ಟು ಹೆಚ್ಚು ಬೇಕಾಗುತ್ತದೆ. ನಾವು ಮುಕ್ಕಳಿಸುವುದಾದರೋ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ.

ಹಾಗಾದರೆ ಔಷಧಕ್ಕೆ ಬಲವಿಲ್ಲವೇ?

ಇದೆ. ಆ ಬಲ ಎಲ್ಲಿದೆ ಎಂದು ತಿಳಿದು ಬಳಸಬೇಕು.

1965ರಲ್ಲಿ ಡೆನ್ಮಾರ್ಕ್ ದೇಶದ ಆರ್ಹೂಸ್ ನಗರದಲ್ಲಿ ಹರಾಲ್ಡ್ ಲೋ ಎಂಬ ದಂತ ವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ವಸಡು ಆರೋಗ್ಯವಾಗಿದ್ದ 12 ಮಂದಿ ಹಲ್ಲು ಉಜ್ಜುವುದನ್ನು ಪೂರ್ತಿ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ 12 ಮಂದಿಗೂ ವಸಡಿನ ಉರಿಯೂತ ಬಂತು. ಮತ್ತೆ ಹಲ್ಲುಜ್ಜಲು ಆರಂಭಿಸಿದಾಗ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ವಸಡಿನ ರೋಗಕ್ಕೆ ಪಾಚಿಯೇ ಕಾರಣ, ಪಾಚಿ ತೆಗೆದರೆ ವಸಡು ಸುಧಾರಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

1970ರಲ್ಲಿ ಅದೇ ಲೋ ಅವರು ಶಿಯೋಟ್ ಎಂಬ ಸಹೋದ್ಯೋಗಿಯೊಡನೆ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಈ ಬಾರಿ ಹಲ್ಲುಜ್ಜುವುದನ್ನು ನಿಲ್ಲಿಸಿದವರಿಗೆ ಶೇ. 0.2ರ ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧವನ್ನು 10 ಮಿ.ಲೀ.ನಂತೆ ದಿನಕ್ಕೆ ಎರಡು ಸಲ ಮುಕ್ಕಳಿಸಲು ಕೊಟ್ಟರು. ಪಾಚಿ ಹಿಡಿಯಲಿಲ್ಲ, ವಸಡು ಕೆಡಲಿಲ್ಲ. ಇಂದಿಗೂ ಪಾಚಿಯ ವಿರುದ್ಧ ಮುಕ್ಕಳಿಸುವ ಔಷಧಗಳಲ್ಲಿ ಕ್ಲೋರ್‌ಹೆಕ್ಸಿಡಿನ್‌ಗೇ ಮೊದಲ ಸ್ಥಾನ.

ಇದರ ಬಲಕ್ಕೆ ಕಾರಣ ಇಷ್ಟೇ. ಇದು ಬ್ಯಾಕ್ಟೀರಿಯಾದ ಹೊರಕವಚಕ್ಕೆ ಅಂಟಿ ಅದನ್ನು ಹರಿಯುತ್ತದೆ. ಅಷ್ಟೇ ಅಲ್ಲದೆ ಹಲ್ಲಿಗೂ ಬಾಯಿಯ ಒಳಚರ್ಮಕ್ಕೂ ಅಂಟಿಕೊಂಡು 8ರಿಂದ 12 ಗಂಟೆಗಳವರೆಗೆ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಬೇರೆ ಔಷಧಗಳು ಉಗುಳಿದ ಮೇಲೆ ಬೇಗ ತೊಳೆದುಹೋಗುತ್ತವೆ.

ಇಲ್ಲಿ ಒಂದು ವಿಷಯವನ್ನು ಗಮನವಿಟ್ಟು ಕೇಳಿರಿ. ಸ್ವಚ್ಛವಾದ ಹಲ್ಲಿನ ಮೇಲೆ ಹೊಸ ಪಾಚಿ ಕೂಡದಂತೆ ತಡೆಯುವುದರಲ್ಲಿ ಈ ಔಷಧ ಗಟ್ಟಿ. ಈಗಾಗಲೇ ದಪ್ಪವಾಗಿ ಕುಳಿತ ಪಾಚಿಯ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಸುಣ್ಣ ಬಳಿಯುವ ಮೊದಲು ಗೋಡೆಯ ಹಳೆಯ ಹಕ್ಕಳೆ ಕೆರೆಯುವುದಿಲ್ಲವೇ? ಹಾಗೆಯೇ ಮೊದಲು ಉಜ್ಜಿ ಪಾಚಿ ತೆಗೆಯಬೇಕು, ಆಮೇಲೆ ಔಷಧ.

2017ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಈ ಔಷಧದ ಕುರಿತಾದ 51 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಹಲ್ಲುಜ್ಜುವುದರ ಜೊತೆಗೆ 4ರಿಂದ 6 ವಾರ ಮುಕ್ಕಳಿಸಿದವರಲ್ಲಿ ಪಾಚಿ ಬಹಳ ಕಡಿಮೆಯಾಗಿತ್ತು. ಆದರೆ ಸೌಮ್ಯ ಸ್ವರೂಪದ ವಸಡಿನ ಊತದಲ್ಲಿ ಸಿಕ್ಕ ಹೆಚ್ಚುವರಿ ಲಾಭ ತೀರ ಸಣ್ಣದು, ರೋಗಿಗೆ ಅರಿವಾಗುವಷ್ಟು ದೊಡ್ಡದಲ್ಲ ಎಂದು ಕಂಡುಬಂತು. ಜೊತೆಗೆ ಹಲ್ಲಿನ ಮೇಲೆ ಕಂದು ಕಲೆ ಬೀಳುವುದು ಹೆಚ್ಚಾಗಿತ್ತು. ಚಹಾ, ಕಾಫಿ ಹೆಚ್ಚಾಗಿ ಕುಡಿಯುವವರಲ್ಲಿ, ಎಲೆಅಡಿಕೆ ಹಾಕುವವರಲ್ಲಿ ಈ ಕಲೆ ಇನ್ನೂ ಎದ್ದು ಕಾಣುತ್ತದೆ. ಕೆಲವರಿಗೆ ನಾಲಿಗೆಯ ರುಚಿಯೂ ಕೆಡುತ್ತದೆ. ಉಪ್ಪು ಹಾಕಿದರೂ ಸಾರು ಸಪ್ಪೆ ಎನ್ನುತ್ತಾರೆ. ಔಷಧ ನಿಲ್ಲಿಸಿದ ಮೇಲೆ ರುಚಿ ಮರಳುತ್ತದೆ. ಕಲೆಯನ್ನು ದಂತವೈದ್ಯರು ತೆಗೆಯಬಲ್ಲರು.

ಆದ್ದರಿಂದಲೇ ವೈದ್ಯರು ಇದನ್ನು ಒಂದು ವಾರ, ಎರಡು ವಾರ ಎಂದು ಲೆಕ್ಕ ಹಾಕಿ ಬರೆಯುತ್ತಾರೆ. ವಸಡಿನ ಶಸ್ತ್ರಚಿಕಿತ್ಸೆಯಾದವರಿಗೆ, ದವಡೆ ಮುರಿದು ತಂತಿ ಕಟ್ಟಿಸಿಕೊಂಡವರಿಗೆ, ಕೆಲವು ದಿನ ಬ್ರಷ್ ಮುಟ್ಟಿಸಲು ಆಗದವರಿಗೆ ಇದು ನಿಜವಾಗಿ ಉಪಕಾರಿ. ಅವರಿಗೆ ಬರೆದುಕೊಟ್ಟದ್ದನ್ನು ತಪ್ಪದೆ ಬಳಸಿರಿ. ಚೀಟಿ ಹಳೆಯದಾದರೂ ಬಾಟಲಿ ಮೇಲೆ ಬಾಟಲಿ ತರುವುದು ಮಾತ್ರ ಬೇಡ.

ಉಳಿದ ಬಾಟಲಿಗಳಲ್ಲಿ ಏನಿದೆ?

ಬಾಯಿಗೆ ಹಾಕಿದೊಡನೆ ಚುರುಚುರು ಎನ್ನುವ ಕೆಲವು ಔಷಧಗಳಲ್ಲಿ ನೀಲಗಿರಿ ಎಣ್ಣೆಯ ಸತ್ವ, ಪುದೀನದ ಸತ್ವ, ಥೈಮಾಲ್ ಮುಂತಾದವು ಇರುತ್ತವೆ. ಥೈಮಾಲ್ ಎಂದರೆ ಬೇರೇನಲ್ಲ, ನಮ್ಮ ಅಡುಗೆಮನೆಯ ಓಮದ ಕಾಳಿನ ವಾಸನೆಗೆ ಕಾರಣವಾದದ್ದೇ ಅದು. ಹಲ್ಲುಜ್ಜುವುದರ ಜೊತೆಗೆ ದಿನವೂ ಬಳಸಿದರೆ ಇವು ಪಾಚಿಯನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತವೆ. ಆದರೆ ಕೆಲವದರಲ್ಲಿ ಆಲ್ಕೋಹಾಲ್ ಇರುತ್ತದೆ. ಬಾಯಿ ಹುಣ್ಣಾದವರಿಗೆ, ಬಾಯಿ ಒಣಗುವವರಿಗೆ ಅದು ಉರಿ ತರುತ್ತದೆ. ಕೊಳ್ಳುವಾಗ ಲೇಬಲ್ ಓದಿಸಿ ನೋಡಿರಿ.

ಸಿಟೈಲ್‌ಪಿರಿಡಿನಿಯಂ ಕ್ಲೋರೈಡ್ ಎಂಬುದು ಇನ್ನೊಂದು. ಉರಿ ಕಡಿಮೆ, ಬಲವೂ ಕ್ಲೋರ್‌ಹೆಕ್ಸಿಡಿನ್‌ಗಿಂತ ಕಡಿಮೆ. ಬರಿಯ ಸುವಾಸನೆಯ ದ್ರವಗಳು ಕೆಲವು ಹೊತ್ತು ದುರ್ವಾಸನೆಯನ್ನು ಮರೆಮಾಡುತ್ತವೆ, ಅಷ್ಟೇ.

ಬೆಚ್ಚಗಿನ ಉಪ್ಪು ನೀರು ಪಾಚಿಯನ್ನು ತೆಗೆಯುವುದಿಲ್ಲ. ಆದರೆ ನೊಂದ ವಸಡಿಗೆ ಹಿತವಾಗಿರುತ್ತದೆ. ಹಲ್ಲು ಕೀಳಿಸಿಕೊಂಡವರು ಮೊದಲ 24 ಗಂಟೆ ಯಾವುದರಿಂದಲೂ ಜೋರಾಗಿ ಮುಕ್ಕಳಿಸಬಾರದು. ಗಾಯದಲ್ಲಿ ಕಟ್ಟಿದ ರಕ್ತದ ಹೆಪ್ಪು ಕಿತ್ತುಹೋದರೆ ನೋವು ಹೆಚ್ಚುತ್ತದೆ. ಮರುದಿನದಿಂದ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮೆಲ್ಲಗೆ ಬಾಯಾಡಿಸಿ ಉಗುಳಬಹುದು.

ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ ತೆಗೆದುಕೊಳ್ಳುತ್ತಿರುವವರು ಹುಣ್ಣು ತಡೆಯಲೆಂದು ತಾವಾಗಿಯೇ ಕ್ಲೋರ್‌ಹೆಕ್ಸಿಡಿನ್ ಬಳಸಬಾರದು. ಅದಕ್ಕೆ ಅದು ಉಪಯೋಗವಾಗುವುದಿಲ್ಲ ಎಂದು ತಜ್ಞರು ಹೇಳಿದ್ದಾರೆ. ಉಪ್ಪು ಮತ್ತು ಅಡುಗೆ ಸೋಡ ಬೆರೆಸಿದ ನೀರಿನಂಥ ಸೌಮ್ಯವಾದದ್ದೇ ಸಾಕು. ನಿಮ್ಮ ವೈದ್ಯರನ್ನು ಕೇಳಿ ಮಾಡಿರಿ.

ಬಳಸುವ ಸರಿಯಾದ ಕ್ರಮ

ವೈದ್ಯರು ಕ್ಲೋರ್‌ಹೆಕ್ಸಿಡಿನ್ ಬರೆದುಕೊಟ್ಟಿದ್ದರೆ ಈ ಕ್ರಮವನ್ನು ನೆನಪಿಡಿ:

1. ಮೊದಲು ಬ್ರಷ್ಷಿನಿಂದ ಹಲ್ಲುಜ್ಜಿ, ಬಾಯಿಯನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ.

2. ಅರ್ಧ ಗಂಟೆ ಬಿಡಿ. ಪೇಸ್ಟಿನಲ್ಲಿ ನೊರೆ ಬರಿಸುವ ಪದಾರ್ಥ ಇರುತ್ತದೆ. ಅದು ಬಾಯಿಯಲ್ಲಿ ಉಳಿದಿದ್ದರೆ ಔಷಧದ ಬಲ ಕುಂದುತ್ತದೆ. ಪೇಸ್ಟಿನ ಬಾಯಿಗೆ ಕೂಡಲೇ ಔಷಧ ಹಾಕುವುದು ಹಣ ಚೆಲ್ಲಿದಂತೆ.

3. ಶೇ. 0.2ರ ಔಷಧವಾದರೆ 10 ಮಿ.ಲೀ. ಅಳೆದು ಒಂದು ನಿಮಿಷ ಮುಕ್ಕಳಿಸಿ. ಶೇ. 0.12ರದ್ದಾದರೆ 15 ಮಿ.ಲೀ., ಅರ್ಧ ನಿಮಿಷ. ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ 20 ಮಿ.ಗ್ರಾಂ., ಎರಡನೆಯದರಲ್ಲಿ 18 ಮಿ.ಗ್ರಾಂ. ಔಷಧ ಸಿಗುತ್ತದೆ, ಹೆಚ್ಚು ಕಡಿಮೆ ಒಂದೇ. ನೀರು ಬೆರೆಸಬೇಕೋ ಬೇಡವೋ ಎಂಬುದನ್ನು ಲೇಬಲ್ಲಿನಲ್ಲಿ ನೋಡಿ, ಇಲ್ಲವೇ ಸಿಸ್ಟರನ್ನು ಕೇಳಿ.

4. ಪೂರ್ತಿ ಉಗುಳಿ, ನುಂಗಬೇಡಿ. ಉಗುಳಿದ ಮೇಲೆ ನೀರಿನಿಂದ ಬಾಯಿ ತೊಳೆಯಬೇಡಿ.

5. ಅರ್ಧ ಗಂಟೆ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಚಹಾ ಕುಡಿಯುವುದಿದ್ದರೆ ಔಷಧಕ್ಕಿಂತ ಮೊದಲೇ ಕುಡಿದುಬಿಡಿ.

6. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ವೈದ್ಯರು ಹೇಳಿದ ದಿನಗಳು ಮುಗಿದ ಮೇಲೆ ನಿಲ್ಲಿಸಿ.

7. ತುಟಿ, ಮುಖ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದಂತಾದರೆ ಕೂಡಲೇ ನಿಲ್ಲಿಸಿ ನಮಗೆ ತಿಳಿಸಿ. ಇದು ಅಪರೂಪ, ಆದರೆ ಅಪಾಯಕಾರಿ.

ಉಗುಳಲು ಬಾರದ 6 ವರ್ಷದೊಳಗಿನ ಮಕ್ಕಳಿಗೆ ಯಾವ ಮುಕ್ಕಳಿಸುವ ಔಷಧವೂ ಬೇಡ. ಬಾಟಲಿಯ ಬಣ್ಣ ನೋಡಿ ಶರಬತ್ತೆಂದು ಕುಡಿಯುವ ಸಂಭವವಿದೆ, ಕೈಗೆ ಸಿಗದಂತೆ ಇಡಿ.

ಹಾಸಿಗೆ ಹಿಡಿದವರ ಬಾಯಿ

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಲಕ್ವ ಹೊಡೆದವರು, ಸೊಂಟದ ಮೂಳೆ ಮುರಿದು ಮಲಗಿದವರು, ವಯಸ್ಸಾಗಿ ತಾವಾಗಿ ಏಳಲಾರದವರು, ಇವರ ಜೊತೆ ಬಂದ ಬಂಧುಗಳು ದಯವಿಟ್ಟು ಇದನ್ನು ಮನಸ್ಸಿಟ್ಟು ಕೇಳಬೇಕು.

"ನಮ್ಮಪ್ಪಗ ಎದ್ದು ಕೂಡೂದು ಆಗೂದಿಲ್ರೀ. ಈ ಔಷಧ ಒಂದೀಟು ಬಾಯಾಗ ಹಾಕಿದ್ರ ಸಾಕಲ್ರೀ ಸಿಸ್ಟರ್?" ಎಂದು ಮಕ್ಕಳು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಮಲಗಿದವರ ಬಾಯಿಗೆ ಔಷಧವನ್ನಾಗಲಿ ನೀರನ್ನಾಗಲಿ ಸುರಿಯಬಾರದು. ಲಕ್ವ ಆದವರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಕೆಮ್ಮಿ ಹೊರಹಾಕುವ ಶಕ್ತಿಯೂ ಕಡಿಮೆ. ಸುರಿದದ್ದು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯಬಹುದು.

ಇನ್ನು ಏನೂ ಮಾಡದೆ ಬಿಟ್ಟರೋ? ಪಾಚಿ ಬೆಳೆಯುತ್ತಲೇ ಹೋಗುತ್ತದೆ. ಆ ಬ್ಯಾಕ್ಟೀರಿಯಾ ತುಂಬಿದ ಜೊಲ್ಲು ನಿದ್ದೆಯಲ್ಲಿ ತೊಟ್ಟು ತೊಟ್ಟಾಗಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಯಾವ ರೋಗಕ್ಕೆಂದು ಬಂದಿದ್ದರೋ ಅದು ವಾಸಿಯಾಗುತ್ತಿರುವಾಗಲೇ ಜ್ವರ, ಕಫ ಏರಿ ಮನೆಯವರು ಕಂಗಾಲಾಗುತ್ತಾರೆ.

ಜಪಾನಿನ 11 ವೃದ್ಧಾಶ್ರಮಗಳಲ್ಲಿ 2 ವರ್ಷ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ವೃದ್ಧರಿಗೆ ದಾದಿಯರು, ಆರೈಕೆದಾರರು ಪ್ರತಿ ಊಟದ ನಂತರ ಹಲ್ಲುಜ್ಜಿಸಿದರು. ವಾರಕ್ಕೊಮ್ಮೆ ದಂತ ಚಿಕಿತ್ಸಕರೂ ಬಂದು ಬಾಯಿ ಸ್ವಚ್ಛಗೊಳಿಸಿದರು. ಇನ್ನೊಂದು ಗುಂಪಿಗೆ ಅಂಥ ಆರೈಕೆ ಇರಲಿಲ್ಲ. ಆರೈಕೆ ಇಲ್ಲದವರಲ್ಲಿ 100ಕ್ಕೆ 19 ಮಂದಿಗೆ ನ್ಯುಮೋನಿಯಾ ಬಂದರೆ, ಆರೈಕೆ ಪಡೆದವರಲ್ಲಿ 100ಕ್ಕೆ 11 ಮಂದಿಗೆ ಬಂತು. ಒಂದು ಬ್ರಷ್ಷು ಮತ್ತು ಅದನ್ನು ಹಿಡಿಯುವ ಒಂದು ಕೈ ಇಷ್ಟು ವ್ಯತ್ಯಾಸ ಮಾಡಬಲ್ಲವು.

ಐ.ಸಿ.ಯು.ನಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಗಳ ವಿಷಯದಲ್ಲಿ ಹಲವು ವರ್ಷ ಎಲ್ಲೆಡೆ ಕ್ಲೋರ್‌ಹೆಕ್ಸಿಡಿನ್ ಹಚ್ಚುವ ಪದ್ಧತಿ ಇತ್ತು. 2022ರಲ್ಲಿ ಅಮೆರಿಕದ ಸೋಂಕು ತಡೆ ತಜ್ಞರು ತಮ್ಮ ಮಾರ್ಗಸೂಚಿಯನ್ನು ಬದಲಿಸಿದರು. ದಿನವೂ ಬಾಯಿಯ ಆರೈಕೆ ಮಾಡಿ, ಹಲ್ಲುಜ್ಜಿಸಿ, ಆದರೆ ಕ್ಲೋರ್‌ಹೆಕ್ಸಿಡಿನ್ ಇಲ್ಲದೆ ಎಂದರು. ಅಂಥ ರೋಗಿಗಳಲ್ಲಿ ಆ ಔಷಧದಿಂದ ಲಾಭ ಖಚಿತವಾಗದೆ ಹಾನಿಯ ಶಂಕೆ ಇದ್ದುದೇ ಇದಕ್ಕೆ ಕಾರಣ. 2023ರಲ್ಲಿ 15 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಆಸ್ಪತ್ರೆಯಲ್ಲಿ ಹಲ್ಲುಜ್ಜಿಸಿಕೊಂಡ ರೋಗಿಗಳಲ್ಲಿ ನ್ಯುಮೋನಿಯಾ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಇತ್ತು. ಐ.ಸಿ.ಯು.ನಲ್ಲಿ ಸಾವುಗಳೂ ಕಡಿಮೆ ಇದ್ದವು. ಟ್ಯೂಬು ಹಾಕಿದ ರೋಗಿಗೆ ಸಿಸ್ಟರ್ ಬ್ರಷ್ ಹಿಡಿದು ಹಲ್ಲುಜ್ಜುವುದನ್ನು ಕಂಡರೆ "ಇಂಥಾ ಹೊತ್ತಿನಾಗ ಇದೇನ್ರೀ?" ಎನ್ನಬೇಡಿ. ಅದೂ ಚಿಕಿತ್ಸೆಯೇ.

ವಾರ್ಡಿನಲ್ಲಿ, ಮನೆಯಲ್ಲಿ ನೀವು ಹೀಗೆ ಮಾಡಿರಿ. ಮೊದಲು ನಿಮ್ಮ ಕೈಯನ್ನು ಸಾಬೂನಿನಿಂದ ತೊಳೆಯಿರಿ. ರೋಗಿಗೆ ಎಚ್ಚರವಿದ್ದು ನಿಮ್ಮ ಮಾತು ತಿಳಿಯುವಂತಿದ್ದರೆ ಏನು ಮಾಡುತ್ತೀರೆಂದು ಹೇಳಿ. ಕೂಡಿಸಲು ಸಾಧ್ಯವಿದ್ದರೆ ದಿಂಬು ಕೊಟ್ಟು ಕೂಡಿಸಿ, ಆಗದಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ. ಕೆನ್ನೆಯ ಕೆಳಗೆ ಟವೆಲ್ ಇಡಿ. ಮಕ್ಕಳ ಮೆತ್ತನೆಯ ಬ್ರಷ್ಷನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಒದರಿ, ಕಡಲೆಕಾಳಿನಷ್ಟು ಪೇಸ್ಟ್ ಸಾಕು. ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಮೆಲ್ಲಗೆ ಉಜ್ಜಿ. ಲಕ್ವ ಆದ ಕಡೆಯ ಕೆನ್ನೆಯೊಳಗೆ ಅನ್ನ ಉಳಿದಿರುತ್ತದೆ, ರೋಗಿಗೆ ಅದು ತಿಳಿಯುವುದಿಲ್ಲ, ನೋಡಿ ತೆಗೆಯಿರಿ. ನೊರೆಯನ್ನು ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಿಂದ ಒರೆಸಿ. ನಾಲಿಗೆಯನ್ನೂ ಒರೆಸಿ. ಕೊನೆಗೆ ತುಟಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ. ಆಕ್ಸಿಜನ್ ಮೇಲಿರುವವರಿಗೆ ಏನು ಹಚ್ಚಬೇಕೆಂದು ಸಿಸ್ಟರನ್ನು ಕೇಳಿ ಹಚ್ಚಿ. ದಿನಕ್ಕೆ ಎರಡು ಸಲ ಹೀಗೆ ಮಾಡಿ, ಊಟದ ನಂತರ ಬಾಯಿ ಒರೆಸಿ. ಕಟ್ಟು ಹಲ್ಲು ಇದ್ದರೆ ರಾತ್ರಿ ತೆಗೆದು, ಬ್ರಷ್ಷಿನಿಂದ ತೊಳೆದು, ನೀರಿನಲ್ಲಿ ಇಡಿ.

ರೋಗಿಗೆ ಎಚ್ಚರವೇ ಇಲ್ಲದಿದ್ದರೆ ನೀವಾಗಿಯೇ ಮಾಡಬೇಡಿ, ನಮ್ಮನ್ನು ಕರೆಯಿರಿ. ಹಲ್ಲುಗಳ ನಡುವೆ ಬೆರಳು ಇಡಬೇಡಿ, ತಿಳಿಯದೆ ಕಚ್ಚಿಬಿಡುತ್ತಾರೆ. ಉಜ್ಜುವಾಗ ಕೆಮ್ಮು ಬಂದರೆ ಕೂಡಲೇ ನಿಲ್ಲಿಸಿ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲು ಒಂದು ಸಲ ನಮ್ಮ ಮುಂದೆಯೇ ಮಾಡಿ ತೋರಿಸಿ, ನಾವು ಕಲಿಸಿಕೊಡುತ್ತೇವೆ.

ಶುಗರ್, ಬಿ.ಪಿ. ಇರುವವರಿಗೆ

ಶುಗರ್ ಇರುವವರಲ್ಲಿ ವಸಡಿನ ರೋಗ ಹೆಚ್ಚು. ವಸಡಿನಲ್ಲಿ ಸೋಂಕು ಇದ್ದರೆ ಶುಗರ್ ಹತೋಟಿಗೆ ಬರುವುದೂ ಕಷ್ಟ. ಗಟ್ಟಿ ಕಿಟ್ಟ ತೆಗೆಸಿ ವಸಡಿಗೆ ಚಿಕಿತ್ಸೆ ಮಾಡಿಸಿದವರಲ್ಲಿ ಶುಗರ್ ಕೆಲಮಟ್ಟಿಗೆ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಕಣ್ಣು, ಪಾದ ತೋರಿಸುವಂತೆ ವರ್ಷಕ್ಕೊಮ್ಮೆಯಾದರೂ ಹಲ್ಲನ್ನೂ ತೋರಿಸಿ.

ಬಿ.ಪಿ. ಇರುವವರಿಗೂ ಒಂದು ಮಾತು. ನಾಲಿಗೆಯ ಮೇಲಿನ ಕೆಲವು ಒಳ್ಳೆಯ ಬ್ಯಾಕ್ಟೀರಿಯಾಗಳು ಸೊಪ್ಪು ತರಕಾರಿಯಲ್ಲಿರುವ ಒಂದು ಅಂಶವನ್ನು ರಕ್ತನಾಳ ಸಡಿಲಿಸುವ ರೂಪಕ್ಕೆ ತರಲು ನೆರವಾಗುತ್ತವೆ. ಲಂಡನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 19 ಆರೋಗ್ಯವಂತರು ಒಂದು ವಾರ ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಸಿದಾಗ ಬಿ.ಪಿ. 2ರಿಂದ 3.5ರಷ್ಟು ಏರಿತ್ತು. ಇದು ಸಣ್ಣ ಏರಿಕೆ, ವೈದ್ಯರು ಬರೆದುಕೊಟ್ಟ ಔಷಧವನ್ನು ಹೆದರಿ ಬಿಡಬೇಡಿ. ಆದರೆ ಬೇಕಿಲ್ಲದೆ ತಿಂಗಳುಗಟ್ಟಲೆ ಬಾಯಿಯ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಲು ಹೊರಡುವುದು ಜಾಣತನವಲ್ಲ.

ನೀವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಬೇವಿನ ಕಡ್ಡಿ ಬಳಸಬಹುದೇ? ಬಳಸಬಹುದು. ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡು, ವಸಡಿಗೆ ನೋವಾಗದಂತೆ ಉಜ್ಜಿರಿ. ಹಿಂದಿನ ದವಡೆ ಹಲ್ಲುಗಳಿಗೆ, ಒಳಬದಿಗೆ ಕಡ್ಡಿ ತಲುಪುವುದು ಕಷ್ಟ. ಅಲ್ಲಿಗೆ ಬ್ರಷ್ ಬೇಕು.

ಇದ್ದಿಲು, ಬೂದಿ, ಇಟ್ಟಿಗೆ ಪುಡಿ? ಬೇಡ. ಇವು ಪಾಚಿಯ ಜೊತೆಗೆ ಹಲ್ಲಿನ ಮೇಲ್ಪದರವನ್ನೂ ಸವೆಸುತ್ತವೆ. ಸುಟ್ಟ ತಂಬಾಕಿನ ಮಿಶ್ರಿಯಂತೂ ಬೇಡವೇ ಬೇಡ, ಅದು ಹಲ್ಲಿನ ಪುಡಿಯಲ್ಲ, ತಂಬಾಕು.

ಎಣ್ಣೆ ಮುಕ್ಕಳಿಸುವುದು? ರೂಢಿ ಇರುವ ಆರೋಗ್ಯವಂತರು ಮಾಡಿಕೊಳ್ಳಲಿ, ಆದರೆ ಹಲ್ಲುಜ್ಜುವುದನ್ನು ಬಿಟ್ಟು ಅಲ್ಲ. ನುಂಗಲು ತೊಂದರೆ ಇರುವವರು, ಹಾಸಿಗೆ ಹಿಡಿದವರು ಮಾಡಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದೂ ನ್ಯುಮೋನಿಯಾಕ್ಕೆ ದಾರಿ.

ಉಜ್ಜಿದರೆ ರಕ್ತ ಬರುತ್ತದೆ, ನಿಲ್ಲಿಸಬೇಕೇ? ಪಾಚಿ ಇರುವುದರಿಂದಲೇ ಹೆಚ್ಚಾಗಿ ರಕ್ತ ಬರುವುದು. ಮೆತ್ತನೆಯ ಬ್ರಷ್ಷಿನಿಂದ ಮುಂದುವರಿಸಿ. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರಿಗೆ ತಿಳಿಸಿ.

ಬಾಯಿಯ ಹುಣ್ಣಿಗೆ ಮೌತ್‌ವಾಶ್ ಹಾಕುತ್ತಿದ್ದೇನೆ, ಆಗಬಹುದೇ? ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಇದ್ದರೆ ಬಾಟಲಿಯನ್ನು ನಂಬಿ ಕೂಡಬೇಡಿ. ತಂಬಾಕು, ಗುಟಕಾ, ಅಡಿಕೆ ಹಾಕುವವರು ಒಂದು ದಿನವೂ ತಡಮಾಡದೆ ತೋರಿಸಬೇಕು. ಮೊದಲೇ ಗೊತ್ತಾದ ಕ್ಯಾನ್ಸರನ್ನು ಗುಣಪಡಿಸುವ ಅವಕಾಶ ಹೆಚ್ಚು.

ಕೊನೆಯದಾಗಿ

ಬಂಧುಗಳೇ, ದಿನಕ್ಕೆ ಎರಡು ಸಲ, ಎರಡು ನಿಮಿಷ, ಮೆತ್ತನೆಯ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು. ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಬ್ರಷ್ ಇರಲಿ. ಇಷ್ಟು ಮಾಡುವ ಆರೋಗ್ಯವಂತರಿಗೆ ಬಾಟಲಿಯ ಅಗತ್ಯ ಬೀಳುವುದು ಅಪರೂಪ. ವೈದ್ಯರು ಬರೆದುಕೊಟ್ಟಾಗ ಅದನ್ನು ಔಷಧವೆಂದು ತಿಳಿದು, ಅಳತೆಯಲ್ಲಿ, ಹೇಳಿದಷ್ಟು ದಿನ ಬಳಸಿರಿ.

ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ನಂಬಿದ ನಾಡು ನಮ್ಮದು. ತಂದೆಯ ಬಾಯಿ ತೊಳೆಯುವುದು, ತಾಯಿಯ ಹಲ್ಲುಜ್ಜುವುದು ಸಣ್ಣ ಕೆಲಸವೆಂದು ಯಾರೂ ಸಂಕೋಚಪಡಬೇಡಿ. ಅದನ್ನು ಮಾಡಲು ಡಿಗ್ರಿ ಬೇಡ, ದುಡ್ಡು ಬೇಡ. ಇಂದು ಸಂಜೆ ಊಟವಾದ ಮೇಲೆ ನಿಮ್ಮ ರೋಗಿಯ ಕಪಾಟಿನಲ್ಲಿ ಬ್ರಷ್ ಇದೆಯೇ ಎಂದು ನೋಡಿರಿ. ಇಲ್ಲದಿದ್ದರೆ ಒಂದನ್ನು ತಂದುಕೊಳ್ಳಿ. ಹೇಗೆ ಉಜ್ಜಬೇಕೆಂದು ತಿಳಿಯದಿದ್ದರೆ ವಾರ್ಡಿನ ಸಿಸ್ಟರನ್ನು ಕೇಳಿ, ಬೇಸರವಿಲ್ಲದೆ ತೋರಿಸಿಕೊಡುತ್ತಾರೆ.